ಮೇಲಿನಿಂದ ಎರಡನೆಯ ಗೆರೆ

ಟೈಲರ್ ಆಂಟಿಯ ಅಂಗಡಿ ಇದ್ದ ಜಾಗದಲ್ಲಿ ಈಗ ನಾಲ್ಕು ಸ್ಕೂಟರ್‌ಗಳು ನಿಲ್ಲುತ್ತವೆ. ಫೆಬ್ರವರಿಯ ಎರಡನೇ ಭಾನುವಾರ ಅವರು ಹೊಲಿಗೆ ಮೆಷಿನ್ನನ್ನು ಟೆಂಪೋಗೆ ಹಾಕಿಸಿಕೊಂಡು ಪದ್ಮನಾಭನಗರಕ್ಕೆ ಹೋದರು. ಹೊಸ ಅಂಗಡಿ ಒಂದು ಟ್ಯೂಷನ್ ಸೆಂಟರಿನ ಪಕ್ಕ, ಮೊದಲ ಮಹಡಿಯಲ್ಲಿದೆ. ಹದಿನೆಂಟು ಮೆಟ್ಟಿಲು ಹತ್ತಬೇಕು. ಎಣಿಸಿದ್ದು ನಾನೇ.

"ಮಂಡಿ ನೋವಿನವ್ರು ಯಾರೂ ಬರಲ್ಲ ಆಂಟಿ" ಅಂದೆ.

"ಬರದಿದ್ರೆ ಬೇಡ ಬಿಡು. ನೀರೂ ಬರಲ್ಲವಲ್ಲ" ಅಂದರು.

ನಾನು ಎಂಟನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ಅದರಲ್ಲಿ ಭಾವನೆಗಳು ಕಡಿಮೆ. ಎಷ್ಟು ಗಂಟೆಗೆ ಎದ್ದೆ, ಬಸ್ಸು ಎಷ್ಟು ತಡ, ಮಳೆ ಎಷ್ಟು ಹೊತ್ತು ಬಂತು, ಇಂಥವೇ ಹೆಚ್ಚು. ಆಂಟಿ ಅಂಗಡಿ ಬಿಟ್ಟು ಹೋದ ವಾರ, ಹಿಂದಿನ ನಾಲ್ಕು ವರ್ಷಗಳ ಪುಸ್ತಕಗಳನ್ನು ತೆಗೆದು, ಅವರ ಮಾತು ಬಂದಿರುವ ಪುಟಗಳನ್ನು ಲೆಕ್ಕ ಹಾಕಿದೆ. ನೂರ ಅರವತ್ತೊಂದು ಪುಟ. ಅಮ್ಮನ ಮಾತು ಕೂಡ ಇಷ್ಟು ಪುಟಗಳಲ್ಲಿ ಇರಲಿಕ್ಕಿಲ್ಲ. ಎಲ್ಲ ಕಡೆಯೂ "ಟೈ. ಆಂ." ಎಂದೇ ಬರೆದಿದ್ದೇನೆ. ಇಡೀ ಕ್ರಾಸಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಇಲ್ಲಿಯೂ ಹಾಗೆಯೇ ಇರಲಿ.

ನಮ್ಮದು ಅರೆಕೆರೆ. ಬನ್ನೇರುಘಟ್ಟ ರಸ್ತೆಯಿಂದ ಒಳಗೆ ಬಂದು ಎರಡು ಸಲ ಎಡಕ್ಕೆ ತಿರುಗಿ ಇಳಿಜಾರಿನಲ್ಲಿ ಬಂದರೆ, ರಸ್ತೆ ಕೊನೆಯಾಗುವ ಕಡೆ ಮಳೆನೀರಿನ ದೊಡ್ಡ ರಾಜಕಾಲುವೆ ಇದೆ. ಕಾಲುವೆಗಿಂತ ಮೂರು ಮನೆ ಮೊದಲು ನಮ್ಮ ಕಟ್ಟಡ. ಮೊದಲ ಮಹಡಿಯಲ್ಲಿ ನಾನು ಮತ್ತು ಅಮ್ಮ ಬಾಡಿಗೆಗೆ ಇದ್ದೇವೆ. ರಸ್ತೆಯಿಂದ ನಾಲ್ಕು ಮೆಟ್ಟಿಲು ಕೆಳಗೆ ಇಳಿದರೆ ಸಿಗುತ್ತಿದ್ದ ಒಂದೇ ಕೋಣೆಯಲ್ಲಿ ಆಂಟಿಯ ಅಂಗಡಿ ಇತ್ತು. ನಾನು ಜಯನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬೆಳಗ್ಗೆ ಆರಕ್ಕೆ ಹೋದರೆ ಮಧ್ಯಾಹ್ನ ಮೂರರೊಳಗೆ ಮನೆಯಲ್ಲಿರುತ್ತೇನೆ. ಊಟ ಮುಗಿಸಿ ಕೆಳಗಿಳಿದು ಅವರ ಸ್ಟೂಲಿನ ಮೇಲೆ ಕೂರುವುದು ನನ್ನ ಅಭ್ಯಾಸವಾಗಿತ್ತು.

ನೆಲಕ್ಕಿಂತ ಕೆಳಗಿನ ಕೋಣೆಯನ್ನು ಅವರು ಯಾಕೆ ಹಿಡಿದರು ಎಂದು ಎಲ್ಲರೂ ಕೇಳುತ್ತಿದ್ದರು. ಮೊದಲು ಅವರ ಅಂಗಡಿ ಮುಖ್ಯರಸ್ತೆಯಲ್ಲಿ, ಶೀಟಿನ ಮಾಡಿನ ಕೆಳಗೆ ಇತ್ತಂತೆ. ಏಪ್ರಿಲ್ ಬಂತೆಂದರೆ ಮಧ್ಯಾಹ್ನದ ಹೊತ್ತು ಕತ್ತರಿಯ ಹಿಡಿ ಮುಟ್ಟಲು ಆಗುತ್ತಿರಲಿಲ್ಲ. ಬೆವರಿನ ಹನಿ ಗಿರಾಕಿಗಳ ರೇಷ್ಮೆಯ ಮೇಲೆ ಬಿದ್ದು ಕಲೆಯಾಗುತ್ತಿತ್ತು. "ಒಂದೊಂದು ವರ್ಷ ಒಂದೊಂದು ಡಿಗ್ರಿ ಜಾಸ್ತಿ ಇಟ್ಟಂಗೆ ಇತ್ತು. ಇಲ್ಲಿ ನೋಡು, ಫ್ಯಾನೇ ಬೇಡ" ಎನ್ನುತ್ತಿದ್ದರು. ನಿಜವೇ. ಬೇಸಗೆಯಲ್ಲಿ ಆ ಕೋಣೆ ಮಡಕೆಯ ಒಳಗಿನಂತೆ ತಣ್ಣಗಿರುತ್ತಿತ್ತು. ಹೀಗೆ ಬಿಸಿಲಿನಿಂದ ತಪ್ಪಿಸಿಕೊಳ್ಳಲು ಬಂದವರು ನೀರಿನ ದಾರಿಯಲ್ಲಿ ಕೂತಿದ್ದರು.

ಐವತ್ತೈದರ ಆಸುಪಾಸಿನ, ಗಿಡ್ಡ, ದಪ್ಪ ಹೆಂಗಸು. ಬಾಯಲ್ಲಿ ಯಾವಾಗಲೂ ಎರಡು ಗುಂಡುಪಿನ್ನು, ಕುತ್ತಿಗೆಯಲ್ಲಿ ಹಳದಿ ಟೇಪು. ಪಿನ್ನು ಕಚ್ಚಿಕೊಂಡೇ ಮಾತಾಡುವುದರಿಂದ ಅವರ ಮಾತೆಲ್ಲ ಸ್ವಲ್ಪ ಸಿಟ್ಟಿನದಂತೆ ಕೇಳುತ್ತಿತ್ತು. ಜನರನ್ನು ಅವರು ಮುಖಕ್ಕಿಂತ ಮೊದಲು ಅಳತೆಯಿಂದ ಗುರುತಿಸುತ್ತಿದ್ದರು. ಒಮ್ಮೆ ಬಸ್ ಸ್ಟಾಪಿನಲ್ಲಿ ನನ್ನ ಲ್ಯಾಬಿನ ಮೇಡಂ ಸಿಕ್ಕರು, ಪರಿಚಯ ಮಾಡಿಕೊಟ್ಟೆ. ಅವರು ಅತ್ತ ಹೋದ ಮೇಲೆ ಆಂಟಿ, "ಮೂವತ್ತೆಂಟು. ಎಡಗಡೆ ಭುಜ ಅರ್ಧ ಇಂಚು ಇಳಿದಿದೆ. ಬ್ಯಾಗ್ ಆ ಕಡೆನೇ ಹಾಕ್ತಾರೆ ಅನ್ಸುತ್ತೆ" ಅಂದರು. ಮರುದಿನ ನೋಡಿದೆ, ಅವರು ಬ್ಯಾಗು ಹಾಕುವುದು ಎಡಗಡೆಗೇ.

ಹವಾಮಾನ ಬದಲಾಗುತ್ತಿದೆ ಎಂಬುದು ಅವರಿಗೆ ಪೇಪರಿನಿಂದ ತಿಳಿದದ್ದಲ್ಲ, ಬ್ಲೌಸುಗಳಿಂದ ತಿಳಿದದ್ದು. ಮುಂಚೆ ಅರ್ಧಕ್ಕರ್ಧ ಹೆಂಗಸರು ಮೊಣಕೈವರೆಗೆ ತೋಳು ಕೇಳುತ್ತಿದ್ದರಂತೆ. ಈಗ ಕೇಳುವವರು ವಾರಕ್ಕೆ ಒಬ್ಬರೋ ಇಬ್ಬರೋ. ಲೈನಿಂಗ್ ಬೇಡ, ಕಾಟನ್ ಹಾಕಿ, ಬೆನ್ನು ಇಳಿಸಿ, ಇವೇ ಮಾತು. ಕಳೆದ ಬೇಸಗೆಯಲ್ಲಿ ಎದುರು ಮನೆಯ ಎಪ್ಪತ್ತು ದಾಟಿದ ಅಜ್ಜಿ ಮೆಲ್ಲಗೆ ಮೆಟ್ಟಿಲಿಳಿದು ಬಂದು, ನನ್ನನ್ನು ಒಮ್ಮೆ ನೋಡಿ, ಆಂಟಿಯ ಕಿವಿಯಲ್ಲಿ ಏನೋ ಹೇಳಿದರು. ಆಂಟಿ ಬಾಯಿಂದ ಪಿನ್ನು ತೆಗೆದರು.

"ಸ್ಲೀವ್‌ಲೆಸ್ಸಾ ಅಮ್ಮ?"

"ಮೆಲ್ಲಗೆ ಹೇಳೇ. ಮೇಲೆ ಸೆರಗು ಹೊದ್ಕೋತೀನಿ, ಯಾರಿಗೆ ಕಾಣುತ್ತೆ."

"ಸೊಸೆಗೆ ಕಾಣಲ್ವಾ?"

"ಅವಳೂ ಹೊಲಿಸ್ಕೊಳ್ಲಿ. ಈ ಸೆಕೆಲಿ ಮರ್ಯಾದೆ ನೋಡ್ಕೊಂಡು ಕೂತ್ರೆ ಸಾಯ್ತೀನಷ್ಟೆ."

ಆ ಬೇಸಗೆಯಲ್ಲಿ ಅಜ್ಜಿ ನಾಲ್ಕು ಹೊಲಿಸಿದರು. ಸೊಸೆ ಎರಡು.

ಅವರ ತಪ್ಪುಗಳನ್ನೂ ಬರೆಯಬೇಕು. ಹೇಳಿದ ದಿನ ಬಟ್ಟೆ ಕೊಟ್ಟ ದಾಖಲೆ ನನ್ನ ಪುಸ್ತಕದಲ್ಲಿ ತೀರ ಕಡಿಮೆ. ನನ್ನ ಒಂದು ನೀಲಿ ಚೂಡಿದಾರದ ವಿಷಯದಲ್ಲಿ "ನಾಳೆ" ಎಂಬ ಮಾತನ್ನು ಹನ್ನೊಂದು ಸಲ ಕೇಳಿದ್ದೇನೆ, ಹನ್ನೊಂದಕ್ಕೂ ತಾರೀಖು ಇದೆ. ಅದನ್ನು ತೋರಿಸಿದಾಗ ಅವರು ನನ್ನ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, "ನಿನ್ನನ್ನ ಕಟ್ಕೊಳ್ಳೋನು ಯಾರಪ್ಪ" ಅಂದರು. ಅಂದಿನಿಂದ ನನಗೆ "ಡೈರಿ" ಎಂದು ಹೆಸರಿಟ್ಟರು. ಟೀ ಅನ್ನು ಮೂರು ಸಲ ಬಿಸಿ ಮಾಡಿ ಕುಡಿಯುತ್ತಿದ್ದರು. ಅಳತೆಗೆಂದು ಕೊಟ್ಟ ಹಳೆಯ ಬ್ಲೌಸುಗಳನ್ನು ಕಳೆದುಹಾಕಿ, ಕಳೆದಿಲ್ಲವೆಂದು ವಾದಿಸುತ್ತಿದ್ದರು.

ಆದರೆ ಮಳೆಯ ವಿಷಯದಲ್ಲಿ ಅವರದು ಬೇರೆಯೇ ಶಿಸ್ತು.

ನಾವು ಈ ಮನೆಗೆ ಬಂದ ಮೊದಲ ಎರಡು ವರ್ಷಗಳಲ್ಲಿ ಅವರ ಅಂಗಡಿಗೆ ಮೂರು ಸಲ ನೀರು ನುಗ್ಗಿತು. ಮೂರನೆಯದು ಕೆಟ್ಟದಾಗಿತ್ತು. ಮಳೆ ಬಂದದ್ದು ಒಂದೇ ಗಂಟೆ. ಆಂಟಿ ಮೇಲಿನ ಮುಖ್ಯರಸ್ತೆಗೆ ಹಾಲು ತರಲು ಹೋಗಿದ್ದರು. ವಾಪಸು ಬರುವಷ್ಟರಲ್ಲಿ ಕೆಳಗಿನ ಎರಡು ಮೆಟ್ಟಿಲು ಕಾಣುತ್ತಿರಲಿಲ್ಲ. ಹನ್ನೆರಡು ಗಿರಾಕಿಗಳ ಬಟ್ಟೆ ನೆನೆದವು. ಒಂದು ಕೆಂಪು ಸೀರೆಯ ಬಣ್ಣ ಬಿಟ್ಟು ಮತ್ತೊಬ್ಬರ ಬಿಳಿ ಕುರ್ತಾಗೆ ಹತ್ತಿತು. ಮರುದಿನ ಎಲ್ಲವನ್ನೂ ಒಗೆದು ಕ್ರಾಸಿನ ಈ ಕೊನೆಯಿಂದ ಆ ಕೊನೆಗೆ ಹಗ್ಗ ಕಟ್ಟಿ ಒಣಹಾಕಿದರು. ಹನ್ನೆರಡು ಮನೆಗೂ ತಾವೇ ಹೋಗಿ ಹೇಳಿ ಬಂದರು. ಕೂಗಾಡಿದವರು ಇಬ್ಬರು, ಕಾಫಿ ಕೊಟ್ಟವರು ಐವರು ಎಂದು ನನಗೆ ವರದಿ ಒಪ್ಪಿಸಿದರು.

"ಮುಂಚೆ ಮಳೆ ಹೆಂಗ್ ಬರ್ತಿತ್ತು ಗೊತ್ತಾ? ಹೆಮ್ಮಿಂಗ್ ಹಾಕ್ದಂಗೆ. ಸಣ್ಣಸಣ್ಣದಾಗಿ, ನಿಧಾನಕ್ಕೆ, ಸಾಯಂಕಾಲ ಪೂರ್ತಿ" ಎಂದು ಅವತ್ತು ಹೇಳಿದರು. "ಈಗ ಮೆಷಿನ್ ಪೆಡಲ್ ತುಳಿದು ಕಾಲು ತೆಗೆಯೋದು ಮರೆತಂಗೆ."

ಅದಾದ ಮೇಲೆ ಅಂಗಡಿಯ ಸ್ವರೂಪವೇ ಬದಲಾಯಿತು. ಪ್ಲಗ್ ಪಾಯಿಂಟನ್ನು ಎದೆಮಟ್ಟಕ್ಕೆ ಎತ್ತರಿಸಿದರು. ಮೊಣಕಾಲಿನ ಕೆಳಗೆ ದಾರದ ಉಂಡೆ ಕೂಡ ಇಡುವಂತಿಲ್ಲ. ಗಿರಾಕಿಗಳ ಬಟ್ಟೆಯನ್ನು ಒಂದೊಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹೆಸರಿನ ಚೀಟಿ ಸೇರಿಸಿ, ಸೂರಿನ ಕೊಕ್ಕೆಗಳಿಗೆ ಹಗ್ಗದಿಂದ ಎಳೆದು ತೂಗುಹಾಕುತ್ತಿದ್ದರು. ಒಳಗೆ ಹೋದರೆ ಬಾವಲಿಗಳ ಗುಹೆಯಲ್ಲಿ ನಿಂತಂತೆ ಅನಿಸುತ್ತಿತ್ತು.

ಮೆಷಿನ್ನನ್ನು ಮಾತ್ರ ತೂಗುಹಾಕಲು ಆಗುವುದಿಲ್ಲ. ಅದರ ಕಬ್ಬಿಣದ ಸ್ಟ್ಯಾಂಡು ಎತ್ತಲು ನಾಲ್ಕು ಜನ ಬೇಕು, ನಾಲ್ಕು ಜನರನ್ನು ಸೇರಿಸಲು ಸಮಯ ಬೇಕು. ಹಾಗಾಗಿ ನೀರು ಬರುವುದು ಮೊದಲೇ ಗೊತ್ತಾಗಬೇಕಿತ್ತು. ಮುಂದಿನ ಮಾರ್ಚಿನಲ್ಲಿ ಕಾಲುವೆ ಒಣಗಿದ್ದಾಗ, ಪಕ್ಕದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಪೇಂಟರ್ ಒಬ್ಬರನ್ನು ಕಾಲುವೆಗೆ ಇಳಿಸಿ, ಮೇಲಿನಿಂದ ತಮ್ಮ ಟೇಪನ್ನು ಇಳಿಬಿಟ್ಟು, ಅಡಿಗೊಂದರಂತೆ ಗೋಡೆಗೆ ಕೆಂಪು ಗೆರೆ ಹೊಡೆಸಿದರು. ಟೇಪಿನಲ್ಲಿ ಇರುವುದು ಅರವತ್ತೇ ಇಂಚು. ಅದಕ್ಕೆ ಐದು ಗೆರೆ. ನಾನು ಆ ದಿನ ಕೆಲಸಕ್ಕೆ ಹೋಗಿದ್ದೆ; ಸಂಜೆ ಬಂದು ಗೆರೆಗಳನ್ನು ಮಾತ್ರ ನೋಡಿದೆ.

ಆ ವರ್ಷದ ಮಳೆಗಾಲದಲ್ಲಿ ಆಂಟಿ ಕೊಡೆ ಹಿಡಿದು ಕಾಲುವೆಯ ಪಕ್ಕ ನಿಂತು ನೋಡಿದರು. ನೀರು ಎರಡನೆಯ ಗೆರೆ ಮುಟ್ಟಿದ ಮೇಲೆ ರಸ್ತೆಗೆ ಉಕ್ಕಲು ಸುಮಾರು ನಲವತ್ತು ನಿಮಿಷ ಬೇಕು. ಆ ವರ್ಷ ಎರಡು ಸಲ ಉಕ್ಕಿತು, ಎರಡು ಸಲವೂ ಅಷ್ಟೇ ಆಗಿತ್ತು. "ಒಂದು ಬ್ಲೌಸ್ ಕಟಿಂಗ್ ಟೈಮು" ಎಂದು ಅದನ್ನು ನೆನಪಿಟ್ಟುಕೊಂಡರು. ಆ ಎರಡು ಸಲವೂ ಅವರು ಮೊದಲೇ ಹೇಳಿದ್ದರಿಂದ, ಕ್ರಾಸಿನ ಜನ ಸಾಮಾನು ಎತ್ತಿಟ್ಟುಕೊಂಡು, ಗಾಡಿಗಳನ್ನು ಮೇಲಿನ ರಸ್ತೆಯಲ್ಲಿ ನಿಲ್ಲಿಸಿ ಬಂದರು. ಯಾರದ್ದೂ ಹಾಳಾಗಲಿಲ್ಲ. ಕ್ರಾಸಿನ ವಾಟ್ಸಾಪ್ ಗುಂಪಿನಲ್ಲಿ ಅವರ ದನಿ ಬಂದರೆ ಎಲ್ಲರೂ ಏಳುವಂತಾಯಿತು. ಮೂಲೆಯ ದಿನಸಿ ಅಂಗಡಿಯ ಅಂಕಲ್ ಅವರನ್ನು "ಹವಾಮಾನ ಇಲಾಖೆ" ಎಂದು ಕರೆಯತೊಡಗಿದರು. ಗೌರವದಿಂದಲೇ. ಆ ಅಂಕಲ್‌ಗೆ ಎಲ್ಲರನ್ನೂ ಗೋಳು ಹೊಯ್ದುಕೊಳ್ಳುವ ಚಾಳಿ. "ಅರೆಕೆರೆ ಅಂತ ಸುಮ್ನೆ ಹೆಸರಿಟ್ಟಿದಾರಾ? ಇನ್ನರ್ಧ ನನ್ನ ಗೋಡೌನಲ್ಲಿದೆ" ಎಂದು ಹೊಸಬರಿಗೆಲ್ಲ ಹೇಳುತ್ತಿದ್ದರು.

ನಾನೂ ಗೆರೆಗಳನ್ನು ಬರೆದುಕೊಳ್ಳಲು ಶುರುಮಾಡಿದೆ. ಕೆಲಸದಿಂದ ಬಂದ ಕೂಡಲೇ ಕಾಲುವೆಯ ಹತ್ತಿರ ಹೋಗಿ ನೋಡುವುದು, ತಾರೀಖು, ಗಂಟೆ, ಗೆರೆ. ಒಂದು ಸಂಜೆ ಆಂಟಿ, "ಇವತ್ತು ಮೂರನೇ ಗೆರೆ" ಅಂದರು. ನನ್ನ ಪುಸ್ತಕ ನೋಡಿದೆ. ಅದರಲ್ಲೂ ಮೂರು. ಸರಿಯಾಗಿ ತಾಳೆಯಾಯಿತೆಂದು ಇಬ್ಬರಿಗೂ ಸಂತೋಷವಾಯಿತು. ಐದು ಗೆರೆಗಳಲ್ಲಿ ಮೂರನೆಯದು ಯಾವ ಕಡೆಯಿಂದ ಎಣಿಸಿದರೂ ಮೂರನೆಯದೇ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಲೆಕ್ಕದವಳು ನಾನು. ನನಗಾದರೂ ಹೊಳೆಯಬೇಕಿತ್ತು.

ಕಳೆದ ವರ್ಷ ಸೆಪ್ಟೆಂಬರ್ ಆರಂಭದಲ್ಲಿ ಆಂಟಿ ದಾರ, ಲೈನಿಂಗ್ ಬಟ್ಟೆ ತರಲು ಚಿಕ್ಕಪೇಟೆಗೆ ಹೋಗಿದ್ದರು. ಅಲ್ಲಿ ಜೋರು ಮಳೆ. ಮೂರೂವರೆಗೆ ನನಗೆ ಫೋನ್ ಮಾಡಿದರು.

"ಡೈರಿ, ಮನೇಲಿದೀಯಾ? ಹೋಗಿ ಗೆರೆ ನೋಡು."

ಹೋಗಿ ನೋಡಿದೆ. "ಎರಡನೇ ಗೆರೆ ಮುಟ್ಟಿದೆ ಆಂಟಿ."

ಅವರು ಕೂಡಲೇ ಫೋನ್ ಇಟ್ಟರು. ಅರ್ಧ ನಿಮಿಷದಲ್ಲಿ ಗುಂಪಿನಲ್ಲಿ ಅವರ ದನಿ ಬಂತು: "ಎರಡನೇ ಗೆರೆ ಬಂದಿದೆ. ಎಲ್ಲಾರೂ ಸಾಮಾನು ಎತ್ಕೊಳ್ಳಿ. ನಲವತ್ತು ನಿಮಿಷ ಇದೆ. ಗಾಬರಿ ಬೇಡ."

ನನಗೆ ಆಶ್ಚರ್ಯವಾಯಿತು. ನೀರು ಕಾಲುವೆಯ ಕೆಳಭಾಗದಲ್ಲೇ ಹರಿಯುತ್ತಿತ್ತು. ಸಾಧಾರಣ ಮಳೆಗೂ ಅಷ್ಟು ಬರುತ್ತದೆ. ಆದರೂ ಆಂಟಿಗೆ ನನಗಿಂತ ಹೆಚ್ಚು ಗೊತ್ತು, ಮೇಲುಗಡೆ ಏನೋ ಆಗಿರಬೇಕು ಎಂದುಕೊಂಡು ನಾನೂ ಅಮ್ಮನೂ ಕೆಳಗಿನವರ ಸಾಮಾನು ಎತ್ತಲು ಓಡಿದೆವು. ಇಡೀ ಕ್ರಾಸು ಮೆಟ್ಟಿಲುಗಳ ಮೇಲೆ ಬಂತು. ಗ್ಯಾಸ್ ಸಿಲಿಂಡರ್, ಹಾಸಿಗೆ, ಟಿ.ವಿ. ಒಬ್ಬರ ಫ್ರಿಜ್ಜಿನ ಬಾಗಿಲು ಗೋಡೆಗೆ ತಾಗಿ ಗೀರಾಯಿತು. ದಿನಸಿ ಅಂಕಲ್ ಇಪ್ಪತ್ತಾರು ಅಕ್ಕಿ ಮೂಟೆಗಳನ್ನು ಗೋಡೌನಿನಿಂದ ಅಟ್ಟಕ್ಕೆ ಏರಿಸಿದರು. ಸೊಂಟ ಹಿಡಿಯಿತು.

ನಾಲ್ಕೂಕಾಲಿಗೆ ಬಿಸಿಲು ಬಂತು.

ಸಾಮಾನುಗಳ ಮಧ್ಯೆ ಎಲ್ಲರೂ ಬಿಸಿಲಿನಲ್ಲಿ ಕೂತಿದ್ದೆವು. ಐದೂವರೆಗೆ ಆಂಟಿ ಎರಡು ಕೈಯಲ್ಲಿ ಚೀಲ ಹಿಡಿದು ಇಳಿಜಾರಿನಲ್ಲಿ ನಡೆದು ಬಂದರು. ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಂತಿದ್ದ ಅಂಕಲ್, "ಏನಕ್ಕಾ, ಚಿಕ್ಕಪೇಟೆಲಿ ಕೂತ್ಕೊಂಡು ಅರೆಕೆರೆ ಮುಳುಗಿಸಿಬಿಟ್ರಲ್ಲ" ಅಂದರು.

ಆಂಟಿ ಕಾಲುವೆಯ ಕಡೆ ನೋಡಿದರು, ಬಿಸಿಲು ನೋಡಿದರು, ನನ್ನ ಮುಖ ನೋಡಿದರು. "ನಂದೇ ಲೆಕ್ಕ ತಪ್ಪಾಯ್ತು" ಎಂದು ಹೇಳಿ ಮೆಟ್ಟಿಲಿಳಿದು ಅಂಗಡಿಗೆ ಹೋದರು.

ನಾನು ಹಿಂದೆಯೇ ಹೋದೆ. ಅವರು ದಾರದ ಡಬ್ಬಿಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದರು.

"ಎಲ್ಲಿಂದ ಎಣಿಸ್ದೆ?" ಅಂದರು, ತಿರುಗಿ ನೋಡದೆ.

"ಕೆಳಗಿಂದ."

ಅವರ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆಂದು ಹೆದರಿದೆ. ನಗುತ್ತಿದ್ದರು. ನಗು ತಡೆಯಲಾರದೆ ಸ್ಟೂಲಿನ ಮೇಲೆ ಕೂತರು.

"ಅಲ್ವೇ, ಯಾರಾದ್ರೂ ಕೆಳಗಿಂದ ಅಳೀತಾರೇನೇ? ಬ್ಲೌಸು ಭುಜದಿಂದ ತಾನೆ ಅಳೆಯೋದು. ಟೇಪು ಮೇಲಿಟ್ಟು ಕೆಳಗೆ ಬಿಡ್ತೀವಿ. ಕಾಲುವೆ ಅಂಚಿನ ಕಲ್ಲೇ ಭುಜ. ಅಲ್ಲಿಂದ ಒಂದು, ಎರಡು."

"ನೀರು ಕೆಳಗಿಂದ ತಾನೆ ಆಂಟಿ ಏರೋದು?"

ಅವರು ನಗು ನಿಲ್ಲಿಸಿ ಯೋಚಿಸಿದರು. "ಅದೂ ಸರಿನೇ" ಅಂದರು.

ಎಲ್ಲರಿಗೂ ಹೇಳಿಬಿಡುತ್ತೇನೆ, ತಪ್ಪು ನನ್ನದೆಂದು ಈಗಲೇ ಗುಂಪಿನಲ್ಲಿ ಹಾಕುತ್ತೇನೆ ಎಂದೆ. ಬೇಡವೆಂದರು. "ನನ್ನ ಮಾತು ಹೆಂಗೂ ಹೋಯ್ತು. ನಿಂದೂ ಹೋದ್ರೆ ಮುಂದಿನ ಸಲ ಹೇಳೋರು ಯಾರು? ಸುಮ್ನಿರು." ನಾನು ಸುಮ್ಮನಿದ್ದೆ. ಧೈರ್ಯವೂ ಕಡಿಮೆ ಇತ್ತು, ಅದನ್ನೂ ಬರೆದುಕೊಂಡಿದ್ದೇನೆ. ಹೀಗೆ ಸುಮ್ಮನಿದ್ದದ್ದು ಇಪ್ಪತ್ತಮೂರು ದಿನ.

ಆ ಇಪ್ಪತ್ತಮೂರು ದಿನಗಳಲ್ಲಿ ಆಂಟಿ ಎರಡು ಸಲ ಗುಂಪಿನಲ್ಲಿ "ನಾಲ್ಕನೇ ಗೆರೆ, ಭಯವಿಲ್ಲ" ಎಂದು ಹಾಕಿದರು. ಒಂದು ಸಲ ಯಾರೂ ಉತ್ತರಿಸಲಿಲ್ಲ. ಇನ್ನೊಂದು ಸಲ ಅಂಕಲ್ ಕಣ್ಣಲ್ಲಿ ನೀರು ಬರುವಷ್ಟು ನಗುವ ಹಳದಿ ಮುಖ ಹಾಕಿದರು. ಅದಕ್ಕೆ ಆರು ಜನ ಹೆಬ್ಬೆಟ್ಟು ಒತ್ತಿದರು. ಮೂರು ಮನೆಯವರು ಗುಂಪಿನ ಸದ್ದು ನಿಲ್ಲಿಸಿದ್ದಾರೆಂದು ಅಮ್ಮ ಹೇಳಿದರು. ಆಂಟಿ ಇದಕ್ಕೆಲ್ಲ ಬೇಸರಪಟ್ಟಂತೆ ಕಾಣಲಿಲ್ಲ. ಅಂಕಲ್ ಸೊಂಟಕ್ಕೆ ಕಟ್ಟಿಕೊಳ್ಳಲು ಅಗಲವಾದ ಬಟ್ಟೆಯ ಪಟ್ಟಿ ಹೊಲಿದು ಕೊಟ್ಟರು. ಅಂಕಲ್ ಅದನ್ನು ಕಟ್ಟಿಕೊಂಡೇ ಗೇಲಿ ಮಾಡುತ್ತಿದ್ದರು.

ಸೆಪ್ಟೆಂಬರಿನ ಕೊನೆಯ ಶನಿವಾರ ಆಂಟಿಯ ಅಂಗಡಿಯಲ್ಲಿ ಒಂದು ಮದುವೆಯ ಬಟ್ಟೆಗಳೆಲ್ಲ ಇದ್ದವು. ಪದ್ಮನಾಭನಗರದ ಒಂದು ಮನೆಯವರದು. ಮದುಮಗಳ ಧಾರೆ ಸೀರೆ, ಅದರ ಬ್ಲೌಸು, ಅವಳ ಅಮ್ಮನದು, ಇಬ್ಬರು ಚಿಕ್ಕಮ್ಮಂದಿರದು, ಎಲ್ಲ ಸೇರಿ ಏಳು ಸೀರೆ. ಮದುವೆಗೆ ಐದು ದಿನ ಉಳಿದಿತ್ತು. ಸೀರೆಗಳಿಗೆ ಕುಚ್ಚು ಕಟ್ಟುವ ಕೆಲಸ ನಡೆಯುತ್ತಿದ್ದುದರಿಂದ ಅವು ಚೀಲದಲ್ಲಿರದೆ ಮೇಜಿನ ಮೇಲೆ ಹರಡಿದ್ದವು. ನಾಲ್ಕೂವರೆಗೆ ದಕ್ಷಿಣದ ಆಕಾಶ ಕಪ್ಪಾಯಿತು. ನಮ್ಮಲ್ಲಿ ಬರೀ ತುಂತುರು. ನಾನು ಕಾಲುವೆ ನೋಡಲು ಹೋದೆ. ನೀರಿನ ಬಣ್ಣ ಬದಲಾಗಿತ್ತು, ಕೆಮ್ಮಣ್ಣಿನ ನೀರು ಒಂದು ಮುರಿದ ಪ್ಲಾಸ್ಟಿಕ್ ಕುರ್ಚಿಯನ್ನು ತಂದಿತ್ತು. ನೋಡುತ್ತಿದ್ದಂತೆಯೇ ಒಂದು ಗೆರೆ ಮುಳುಗಿತು. ಓಡಿಹೋಗಿ ಆಂಟಿಯನ್ನು ಕರೆದುಕೊಂಡು ಬಂದೆ. ಅವರು ಮೇಲಿನಿಂದ ಎಣಿಸಿದರು. ನಾನು ಕೆಳಗಿನಿಂದ ಎಣಿಸಿದೆ. ಅವರಿಗೆ ಎರಡು, ನನಗೆ ನಾಲ್ಕು. ಸಮಯ ನಾಲ್ಕು ಐವತ್ತೆರಡು.

ಆಂಟಿ ಗುಂಪಿಗೆ ಹೇಳಿದರು. ಫೋನು ಹಿಡಿದು ಕಾದೆವು. ಯಾವ ಬಾಗಿಲೂ ತೆರೆಯಲಿಲ್ಲ. ಅಂಕಲ್‌ರಿಂದ ಮತ್ತೆ ಅದೇ ಹಳದಿ ಮುಖ ಬಂತು. ಆಂಟಿ ಇನ್ನೊಮ್ಮೆ ಹೇಳಲಿಲ್ಲ. "ನಾನು ಸೀರೆ ಎತ್ತಿಡ್ತೀನಿ. ಮೆಷಿನ್ ಹೋದ್ರೆ ಹೋಗ್ಲಿ. ನೀನು ಮನೆಮನೆ ಬಾಗ್ಲು ತಟ್ಟು" ಎಂದು ಅಂಗಡಿಗೆ ಇಳಿದರು.

ನಾನು ಮೊದಲು ಮೂಲೆಯ ಅಂಗಡಿಗೆ ಹೋದೆ. ಅಂಕಲ್ ಯಾರಿಗೋ ಬೇಳೆ ತೂಗುತ್ತಿದ್ದರು.

"ಅಂಕಲ್, ಅವತ್ತು ತಪ್ಪು ಎಣಿಸಿದ್ದು ನಾನು. ಆಂಟಿ ಅಲ್ಲ. ಅವ್ರು ಮೇಲಿಂದ ಎಣಿಸ್ತಾರೆ, ನಾನು ಕೆಳಗಿಂದ ಎಣಿಸಿ ಹೇಳ್ಬಿಟ್ಟಿದ್ದೆ."

ಅವರು ತಕ್ಕಡಿಯಿಂದ ಕೈ ತೆಗೆದರು. "ನೀನಾ? ಎಲ್ಲಾ ಬರ್ಕೊಳೋಳು ನೀನು?"

"ಹೂಂ."

"ಮತ್ತೆ ಆಯಮ್ಮ ಇಷ್ಟು ದಿನ ಯಾಕೆ ಬೈಸ್ಕೊಂಡ್ರು?"

"ನನ್ನ ಮಾತು ಉಳೀಲಿ ಅಂತ."

"ಇವತ್ತು ಯಾರು ಎಣಿಸಿದ್ದು?" ಅಂದರು.

"ಇಬ್ರೂ. ಎರಡೂ ಕಡೆಯಿಂದ."

ಅಂಕಲ್ ಬೇಳೆಯ ಗಿರಾಕಿಯ ಕೈಗೆ ಪೊಟ್ಟಣ ತುರುಕಿ ರಸ್ತೆಗೆ ಬಂದರು. ಅವರ ದನಿ ಎಷ್ಟು ದೊಡ್ಡದೆಂದು ನನಗೆ ಅವತ್ತು ತಿಳಿಯಿತು. ಒಂದೊಂದು ಮನೆಯವರನ್ನೂ ಒಂದೊಂದು ಅಡ್ಡಹೆಸರಿನಿಂದ ಕರೆದು ಹೊರಗೆ ತಂದರು. ಆಮೇಲೆ ತಮ್ಮ ಅಕ್ಕಿಯ ಕಡೆ ಹೋಗಲಿಲ್ಲ; ಮೂವರನ್ನು ಕರೆದುಕೊಂಡು ನೇರ ಆಂಟಿಯ ಮೆಟ್ಟಿಲಿಳಿದರು. "ಏಳಿ ಅಕ್ಕಾ, ಪಕ್ಕಕ್ಕೆ ಬನ್ನಿ" ಎಂದು ಮೆಷಿನ್ನಿನ ಒಂದು ಕಾಲು ಹಿಡಿದರು. ಹೊಲಿದುಕೊಟ್ಟ ಪಟ್ಟಿ ಸೊಂಟದಲ್ಲೇ ಇತ್ತು.

ಐದು ಹನ್ನೆರಡಕ್ಕೆ ಮೆಷಿನ್ ನಮ್ಮ ಮನೆಯ ಬಾಗಿಲಿಗೆ ಬಂತು. ಐದು ಇಪ್ಪತ್ತಕ್ಕೆ ಏಳು ಸೀರೆಗಳೂ ನನ್ನ ಮಂಚದ ಮೇಲೆ. ಆಮೇಲೆ ಎಲ್ಲರೂ ಅಂಕಲ್ ಗೋಡೌನಿನ ಅಕ್ಕಿ ಎತ್ತಲು ಹೋದೆವು. ನೀರು ರಸ್ತೆಗೆ ಉಕ್ಕಿದ್ದು ಐದು ಮೂವತ್ತೈದಕ್ಕೆ. ಮೊದಲು ಸದ್ದಿಲ್ಲದೆ, ಹಾಲು ಹರಡಿದಂತೆ ಬಂತು. ಆಂಟಿಯ ಅಂಗಡಿಯ ನಾಲ್ಕು ಮೆಟ್ಟಿಲೂ ಮುಳುಗಿದವು. ನಮ್ಮ ಬಾಲ್ಕನಿಯಲ್ಲಿ ನಿಂತು ಕ್ರಾಸಿನ ಅರ್ಧ ಜನ ಅದನ್ನು ನೋಡಿದರು. ಅಮ್ಮ ಎರಡು ಸಲ ಉಪ್ಪಿಟ್ಟು ಮಾಡಿದರು. ಅವಸರದಲ್ಲಿ ಅಕ್ಕಿಯ ನಾಲ್ಕು ಮೂಟೆ ಉಳಿದುಹೋಗಿ ನೆನೆದವು. ಹೋದದ್ದು ಅಷ್ಟೇ. ಆಂಟಿ ಗೋಡೆಗೆ ಒರಗಿ ಕೂತು, ನೀರನ್ನು ನೋಡದೆ, ಮಂಚದ ಮೇಲಿದ್ದ ಧಾರೆ ಸೀರೆಯ ಕುಚ್ಚಿನ ಗಂಟುಗಳನ್ನು ಹಾಕುತ್ತಿದ್ದರು. ಅಂಕಲ್ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕೂತರು.

"ಅಕ್ಕಾ, ಬೈದಿದ್ದಕ್ಕೆ..."

"ಸೀರೆ ಮೇಲೆ ಉಪ್ಪಿಟ್ಟು ಬೀಳಿಸ್ಬೇಡಿ" ಅಂದರು ಆಂಟಿ.

ಮುಂದಿನ ವಾರ ಬಿಸಿಲು ಬಂದಾಗ ಅಂಕಲ್ ಅದೇ ಪೇಂಟರನ್ನು ಹುಡುಕಿ ಕರೆಸಿ, ಮೇಲಿನಿಂದ ಎರಡನೆಯ ಗೆರೆಯೊಂದನ್ನೇ ಒಂದು ಗೇಣು ದಪ್ಪ ಮಾಡಿಸಿದರು. ಈಗ ಯಾರೂ ಎಣಿಸುವುದಿಲ್ಲ. ದಪ್ಪ ಗೆರೆ ಮುಳುಗಿತೋ ಇಲ್ಲವೋ, ಅಷ್ಟೇ. ಆಂಟಿ ಕಟ್ಟಡದ ಮಾಲೀಕರ ಹತ್ತಿರ ಮಾತಾಡಿ, ತಾವು ಬಿಟ್ಟ ಮೇಲೆ ಆ ಕೋಣೆಯನ್ನು ಅಂಗಡಿಗೂ ಸಂಸಾರಕ್ಕೂ ಕೊಡಬಾರದು, ಗಾಡಿ ನಿಲ್ಲಿಸಲು ಬಿಡಬೇಕು ಎಂದು ಒಪ್ಪಿಸಿಯೇ ಹೋದರು. ಈಗ ಗೆರೆ ನೋಡುವುದು ನಾನು, ಅಜ್ಜಿಯ ಸೊಸೆ ಮತ್ತು ಅಂಕಲ್. ಸರದಿಯ ಪಟ್ಟಿ ನಾನೇ ಮಾಡಿದ್ದೇನೆ.

ನೀರು ಬಂದ ಮರುದಿನ, ಭಾನುವಾರ ಬೆಳಗ್ಗೆ ಹತ್ತಕ್ಕೆ ಮದುಮಗಳೂ ಅವಳ ಅಮ್ಮನೂ ಆಟೋದಲ್ಲಿ ಬಂದರು. ಕ್ರಾಸಿನ ತುಂಬ ಕೆಸರು. ಅಂಗಡಿಯ ಒಳಗೆ ನಾಲ್ಕು ಜನ ಬಕೆಟ್ಟಿನಲ್ಲಿ ನೀರು ಎತ್ತಿ ಹಾಕುತ್ತಿದ್ದರು. ಗೋಡೆಯ ಮೇಲೆ ನೀರು ನಿಂತಿದ್ದ ಗುರುತು ಕಂದು ಬಣ್ಣದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಆ ತಾಯಿ ಅದನ್ನು ನೋಡಿ ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು. ನಾನು ಮೇಲಿನಿಂದ ಕೂಗಿ ಕರೆದೆ.

ನಮ್ಮ ಹಜಾರದಲ್ಲಿ ಮೆಷಿನ್ ಓಡುತ್ತಿತ್ತು. ಆಂಟಿ ತಲೆಯೆತ್ತದೆ ದಾರ ಕತ್ತರಿಸಿ, ಬ್ಲೌಸನ್ನು ಒಮ್ಮೆ ಕೊಡವಿ, ಹುಡುಗಿಯ ಕೈಗೆ ಕೊಟ್ಟು ನನ್ನ ಕೋಣೆ ತೋರಿಸಿದರು. ತಾಯಿ ಮಂಚದ ಮೇಲಿನ ಸೀರೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಏಳೂ ಇದ್ದವು. ಒಂದಕ್ಕೂ ಹನಿ ತಾಗಿರಲಿಲ್ಲ.

"ಅಲ್ಲಾ ರೀ, ಕೆಳಗೆ ಅಷ್ಟೊಂದು ನೀರು ಬಂದಿತ್ತಾ?"

"ಬಂದಿತ್ತು, ಹೋಯ್ತು" ಅಂದರು ಆಂಟಿ, ಎರಡು ಪಿನ್ನು ಬಾಯಿಗಿಟ್ಟುಕೊಳ್ಳುತ್ತ.

ಹುಡುಗಿ ಬ್ಲೌಸು ಹಾಕಿಕೊಂಡು ಹೊರಗೆ ಬಂದಳು. ಹೊಟ್ಟೆ ಒಳಗೆಳೆದುಕೊಂಡು, ನೆಟ್ಟಗೆ, ಉಸಿರು ಬಿಗಿಹಿಡಿದು ನಿಂತಳು. ಆಂಟಿ ಅವಳ ಸುತ್ತ ಒಂದು ಸುತ್ತು ಬಂದರು. ಬೆನ್ನು ತಟ್ಟಿದರು.

"ಉಸಿರು ಬಿಡಮ್ಮ. ಅವತ್ತು ಊಟನೂ ಮಾಡ್ಬೇಕಲ್ಲ. ಹಾಂ, ಹಂಗೆ. ಈಗ ಕೈ ಎತ್ತು ನೋಡಣ."

ಅವಳು ಎರಡೂ ಕೈ ಎತ್ತಿದಳು. ಎಲ್ಲೂ ಹಿಡಿಯಲಿಲ್ಲ.